ಬಿಸಿಯಲ್ಲಿ ಅಳೆದ ಹನ್ನೊಂದು ಸ್ಪಿಂಡಲ್

ಕಳೆದ ವರ್ಷ ನಮ್ಮೂರು ದೊಡ್ಡಬಳ್ಳಾಪುರದ ಒಂದು ಐಟಿಐನವರು ನನ್ನನ್ನು ಮಾತಾಡಲು ಕರೆದಿದ್ದರು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಓಡಿಸಿದವಳು, ಅದೂ ಹೆಂಗಸು, ಎನ್ನುವುದು ಅವರಿಗೆ ದೊಡ್ಡ ವಿಷಯವಾಗಿತ್ತು. ಸುರಕ್ಷತೆ, ಶಿಸ್ತು ಅಂತ ಒಂದಷ್ಟು ಹೇಳಿ, ಶಾಲು ಹೊದಿಸಿಕೊಂಡು ಕೂತೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಮೇಡಂ, ಅಲ್ಲಿ ನಿಮ್ ಜೊತೆ ಊಟಕ್ಕೆ ಯಾರು ಕೂರ್ತಿದ್ರು?”

ಎಲ್ಲರೂ ನಕ್ಕರು. “ಎಲ್ರೂ ಕೂರ್ತಿದ್ರಮ್ಮ” ಅಂದೆ. ಅದು ಸುಳ್ಳು. ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಬೇರೆಯವರು ಹೇಳದೇ ಇರುವುದನ್ನು ಹೇಳುತ್ತೇನೆ ಅಂತ ಹೋದವಳು ನಾನೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪ್ರಶಸ್ತಿಪತ್ರ ಎಲ್ಲ ಬೀರುವಿನಲ್ಲಿವೆ, ಅಲ್ಲೇ ಇರಲಿ.

ನಮ್ಮದು ಮಗ್ಗದ ಮನೆ. ಅಪ್ಪನಿಗೆ ನಾಲ್ಕು ಪವರ್‌ಲೂಮ್ ಇದ್ದವು, ಅವನ್ನು ಅಣ್ಣ ಮುಂದುವರಿಸಿದ. ನನ್ನ ಮನಸ್ಸು ಸೀರೆಗಿಂತ ಮಗ್ಗ ಕೆಟ್ಟಾಗ ರಿಪೇರಿಗೆ ಬರುತ್ತಿದ್ದವನ ಸಲಕರಣೆಗಳ ಮೇಲೆ ಇತ್ತು. ಐಟಿಐನಲ್ಲಿ ಟರ್ನರ್, ಅಂದರೆ ಲೇತಿನಲ್ಲಿ ಕಬ್ಬಿಣ ಕಡೆಯುವ ಕೆಲಸ, ಓದಿದೆ. ಕಾರ್ಖಾನೆಗೆ ಸೇರಿದ ಮೊದಲ ದಿನ ಫೋರ್‌ಮನ್ ನನ್ನ ಮುಖ ನೋಡಲಿಲ್ಲ, ಜಡೆ ನೋಡಿದರು.

“ಇದು ಮಷೀನಿಗೆ ಸುತ್ಕೊಂಡ್ರೆ ನಿಮ್ಮಪ್ಪನಿಗೆ ನಾನು ಏನಂತ ಹೇಳ್ಲಮ್ಮ? ಆಫೀಸಲ್ಲಿ ಟೈಪಿಂಗ್‌ಗೆ ಹಾಕ್ಸ್ತೀನಿ, ಹೋಗು.”

ಮಾರನೇ ದಿನ ಬೆಳಿಗ್ಗೆ ಮಗ್ಗದ ಕತ್ತರಿಯಲ್ಲಿ ಜಡೆಯನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡು ಹೋದೆ. ಅಮ್ಮ ಎಂಟು ದಿನ ಮಾತಾಡಲಿಲ್ಲ. ಫೋರ್‌ಮನ್ ಒಮ್ಮೆ ತಲೆ ಎತ್ತಿ ನೋಡಿ, “ಸರಿ, ಮೂರನೇ ಮಷೀನು” ಅಂದರು, ಅಷ್ಟೇ.

ನಾಲ್ಕನೇ ಮಷೀನಿನಲ್ಲಿದ್ದವರು ಮುನಿಶಾಮಪ್ಪ. ದೇವನಹಳ್ಳಿ ಕಡೆಯವರು, ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ನಾನು ಶಾಮಣ್ಣ ಅನ್ನುತ್ತಿದ್ದೆ. ಮೊದಲ ತಿಂಗಳಲ್ಲೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಲೇತಿನಲ್ಲಿ ಕಬ್ಬಿಣವನ್ನು ಕಚ್ಚಿ ತಿರುಗಿಸುವ ಭಾಗಕ್ಕೆ ಚಕ್ ಅಂತ ಹೆಸರು. ಅದನ್ನು ಬಿಗಿ ಮಾಡುವ ಕೀಯನ್ನು ತೆಗೆಯದೆ ಮಷೀನ್ ಶುರು ಮಾಡಿಬಿಟ್ಟೆ. ಕೀ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನ ಕಿಟಕಿಯ ಗಾಜು ಒಡೆಯಿತು. ಎಲ್ಲರೂ ಓಡಿಬಂದರು. “ಹೇಳ್ಲಿಲ್ವಾ, ಇದು ಹೆಂಗಸ್ರ ಕೆಲ್ಸ ಅಲ್ಲ ಅಂತ” ಎಂದು ಯಾರೋ ಅಂದರು. ಶಾಮಣ್ಣ ಮಾತ್ರ ನೆಲದಿಂದ ಕೀ ಎತ್ತಿ, ಗಾಜಿನ ಚೂರು ಒರೆಸಿ, ನನ್ನ ಕೈಗಿಟ್ಟರು. “ನಾನೂ ಒಂದ್ಸಲ ಹಾರ್ಸಿದೀನಿ. ಇವ್ರೂ ಎಲ್ಲಾ ಹಾರ್ಸವ್ರೆ, ಕೇಳಿ ನೋಡು. ಇನ್ಮೇಲೆ ಕೀ ಚಕ್ಕಲ್ಲಿರೋ ತಂಕ ನಿನ್ ಕೈ ಕೀ ಮೇಲಿರ್ಲಿ.” ಆ ಮಾತು ನನ್ನ ಹತ್ತು ಬೆರಳನ್ನೂ ಉಳಿಸಿತು.

ಟೂಲ್ ರೂಮಿನ ಹತ್ತಿರ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಆಫೀಸಿನ ಕಟ್ಟಡಕ್ಕೆ ಹೋಗಿಬರಬೇಕಿತ್ತು. ಅದಕ್ಕೆ ಹೆದರಿ ಎಷ್ಟೋ ವರ್ಷ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಗಂಡಸರು ಗುಂಪಾಗಿ ಕ್ಯಾಂಟೀನಿಗೆ ಹೋಗುತ್ತಿದ್ದರು. ನಾನು ಮಷೀನಿನ ಪಕ್ಕದಲ್ಲಿ ಟೂಲ್ ಪೆಟ್ಟಿಗೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಶಾಮಣ್ಣನೂ ಮನೆಯಿಂದ ಮುದ್ದೆ ತರುತ್ತಿದ್ದರು, ಆಚೆ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. ಹದಿನೈದು ವರ್ಷ ಹಾಗೆಯೇ ಊಟ ಮಾಡಿದೆವು. ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ನನ್ನ ಚಿತ್ರಾನ್ನ ಅರ್ಧ ಅವರಿಗೆ, ಅವರ ಸೊಪ್ಪಿನ ಸಾರು ಅರ್ಧ ನನಗೆ. ಟೂಲ್ ಮಸೆಯುವುದನ್ನು, ಕತ್ತರಿಸುವ ಶಬ್ದ ಕೇಳಿಯೇ ಟೂಲ್ ಮೊಂಡಾಗಿದೆಯೋ ಇಲ್ಲವೋ ಹೇಳುವುದನ್ನು ನಾನು ಕಲಿತದ್ದು ಆ ಊಟದ ಹೊತ್ತಿನಲ್ಲಿ.

ಆಮೇಲಿನ ಹತ್ತೊಂಬತ್ತು ವರ್ಷ ಒಬ್ಬಳೇ ಊಟ ಮಾಡಿದೆ. ಅದು ಹೇಗಾಯಿತು ಅಂತ ಹೇಳುತ್ತೇನೆ.

ಒಂದು ಸಲ ತುರ್ತಾಗಿ ಒಂದು ಲಾಟ್ ಸ್ಪಿಂಡಲ್ ಬೇಕಾಗಿತ್ತು. ಸ್ಪಿಂಡಲ್ ಅಂದರೆ ಯಂತ್ರದ ಒಳಗೆ ತಿರುಗುವ ದಪ್ಪ ಕಬ್ಬಿಣದ ಕಡ್ಡಿ. ಅದರ ಮೇಲೆ ಬೇರಿಂಗ್ ಕೂರುವ ಜಾಗ ತಲೆಗೂದಲಿನ ಕಾಲುಭಾಗದಷ್ಟೂ ಹೆಚ್ಚುಕಡಿಮೆ ಆಗಬಾರದು. ನಾನೂ ಶಾಮಣ್ಣನೂ ಅಕ್ಕಪಕ್ಕದ ಮಷೀನಿನಲ್ಲಿ ಅದನ್ನು ಮಾಡುತ್ತಿದ್ದೆವು, ಮುಗಿದದ್ದನ್ನು ಇಬ್ಬರೂ ಒಂದೇ ರ್‍ಯಾಕಿಗೆ ಇಡುತ್ತಿದ್ದೆವು. ಹಿರಿಯರು ಅಂತ ಆ ಕೆಲಸದ ಕಾರ್ಡಿನ ಮೇಲೆ ಅವರ ಹೆಸರು. ಅವತ್ತು ಅವರ ಮಗಳಿಗೆ ಜ್ವರ, ನಾಲ್ಕು ಗಂಟೆಗೇ ಅನುಮತಿ ಕೇಳಿಕೊಂಡು ಹೋದರು. ನನಗೂ ಆತುರವಿತ್ತು. ಮನೆಗೆ ನನ್ನನ್ನು ನೋಡಲು ಬರುವವರಿದ್ದರು. ಎರಡನೇ ಸಂಬಂಧ, ಹೆಂಡತಿ ತೀರಿಕೊಂಡವರು. ನನಗಾಗ ಮೂವತ್ತೊಂಬತ್ತು. ಐದೂವರೆ ಬಸ್ಸು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕತ್ತರಿಸಿದ ಕಬ್ಬಿಣ ಬಿಸಿಯಾಗಿರುತ್ತದೆ, ಬಿಸಿಯಾದದ್ದು ಸ್ವಲ್ಪ ಹಿಗ್ಗಿರುತ್ತದೆ. ಆರಿದ ಮೇಲೆ ಅಳೆಯಬೇಕು. ಇದು ಐಟಿಐನ ಮೊದಲ ವರ್ಷದ ಪಾಠ. ಅವತ್ತು ನಾನು ಆರಲು ಬಿಡಲಿಲ್ಲ. ಕೈಗೆ ಚುರುಕ್ ಅನ್ನುವಾಗಲೇ ಮೈಕ್ರೋಮೀಟರ್ ಹಿಡಿದೆ, ಅಳತೆ ಸರಿ ಬಂತು, ರ್‍ಯಾಕಿಗಿಟ್ಟೆ, ಬಸ್ಸಿಗೆ ಓಡಿದೆ. ನೋಡಲು ಬಂದವರು ಕಾಫಿ ಕುಡಿದು, ನನ್ನ ಕೈಯ ಬಿರುಕುಗಳಲ್ಲಿ ಹೋಗದೆ ಉಳಿದ ಎಣ್ಣೆಯ ಕಪ್ಪು ನೋಡಿ, ಹೇಳಿ ಕಳಿಸುತ್ತೇವೆ ಅಂತ ಎದ್ದರು. ಹೇಳಿ ಕಳಿಸಲಿಲ್ಲ.

ಬೆಳಿಗ್ಗೆ ಇನ್ಸ್‌ಪೆಕ್ಷನ್‌ನಲ್ಲಿ ಹನ್ನೊಂದು ಸ್ಪಿಂಡಲ್ ಸಣ್ಣ ಬಂದವು. ಸಣ್ಣದಾದ ಕಬ್ಬಿಣವನ್ನು ದಪ್ಪ ಮಾಡಲು ಆಗುವುದಿಲ್ಲ. ಫೋರ್‌ಮನ್ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ಶಾಮಣ್ಣ, “ನಿನ್ನೆ ನಾನು ಗಡಿಬಿಡಿಲಿದ್ದೆ ಸಾರ್. ಮಗೂದೇ ಯೋಚ್ನೆ. ನಂದೇ ಇರ್ಬೇಕು” ಅಂದರು. ಫೋರ್‌ಮನ್ ನನ್ನ ಕಡೆ ತಿರುಗಿದರು. “ನಿಂದೇನಾದ್ರೂ ಇದ್ಯೇನಮ್ಮ?” “ಗೊತ್ತಿಲ್ಲ ಸಾರ್” ಅಂದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಖಚಿತವಾಗಿ ಗೊತ್ತಿರಲಿಲ್ಲ. ಒಂದು ಗಂಟೆಯ ನಂತರ ಏನೋ ತರಲು ಇನ್ಸ್‌ಪೆಕ್ಷನ್‌ಗೆ ಹೋದಾಗ, ಕೆಟ್ಟವನ್ನು ಹಾಕುವ ಕೆಂಪು ಪೆಟ್ಟಿಗೆಯಲ್ಲಿ ಅವನ್ನು ನೋಡಿದೆ. ಸ್ಪಿಂಡಲಿನ ತುದಿಯ ಅಂಚನ್ನು ಓರೆಯಾಗಿ ಕೆತ್ತುತ್ತೇವೆ, ಕೈ ಕೊಯ್ಯದಿರಲಿ ಅಂತ. ಆ ವಾರ ನನ್ನ ಆ ಟೂಲಿನ ಬಾಯಿ ಒಂದು ಕಡೆ ಸಣ್ಣಗೆ ಚಕ್ಕೆ ಎದ್ದಿತ್ತು. ಮಸೆಯಬೇಕು ಅಂದುಕೊಂಡು ಬಿಟ್ಟಿದ್ದೆ. ಹನ್ನೊಂದರ ಅಂಚಿನಲ್ಲೂ ಕೂದಲೆಳೆಯಂಥ ಒಂದು ಏಣು ಇತ್ತು. ಹನ್ನೊಂದೂ ನನ್ನವು.

ಹೇಳಲಿಲ್ಲ. ಮಧ್ಯಾಹ್ನ ಹೇಳೋಣ ಅಂದುಕೊಂಡೆ, ಆಮೇಲೆ ನಾಳೆ ಅಂದುಕೊಂಡೆ. ಇಡೀ ಟೂಲ್ ರೂಮಿಗೆ ಒಬ್ಬಳೇ ಹೆಂಗಸು. ಗಂಡಸು ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪು, ನಾನು ಮಾಡಿದರೆ ಇನ್ನು ಯಾವ ಹೆಂಗಸನ್ನೂ ಒಳಗೆ ಬಿಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಬಾಯಿ ಮುಚ್ಚಿಸಿದ್ದು ಆ ಮಾತಲ್ಲ, ಹೆದರಿಕೆ. ಆ ವಾರದ ಕೊನೆಗೆ ಆರ್ಡರ್ ಬಂತು. ಶಾಮಣ್ಣನನ್ನು ಟೂಲ್ ರೂಮಿನಿಂದ ತೆಗೆದು ಸ್ಟೋರಿಗೆ ಹಾಕಿದ್ದರು. ಅಂಥ ಟರ್ನರ್, ಹನ್ನೊಂದು ವರ್ಷ ಜಾಲರಿಯ ಹಿಂದೆ ಕೂತು ಡ್ರಿಲ್ಲು, ಸ್ಪ್ಯಾನರು ಕೊಡುತ್ತಾ ಚೀಟಿ ತೆಗೆದುಕೊಳ್ಳುತ್ತಾ ನಿವೃತ್ತರಾದರು. ಸ್ಟೋರು ಕಾರ್ಖಾನೆಯ ಆ ತುದಿಯಲ್ಲಿತ್ತು. ಊಟಕ್ಕೆ ಅವರು ಇಲ್ಲಿಗೆ ಬರುವ ಹಾಗಿರಲಿಲ್ಲ. ನಾನು ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಟೂಲ್ ಬೇಕಾದರೂ ಅಪ್ರೆಂಟಿಸ್‌ಗಳನ್ನು ಕಳಿಸುತ್ತಿದ್ದೆ.

ನಂತರ ಕಂಪ್ಯೂಟರ್ ಲೇತುಗಳು ಬಂದವು. ಕಬ್ಬಿಣವೂ ಟೂಲೂ ಗಾಜಿನ ಬಾಗಿಲ ಹಿಂದೆ ಹೋದವು. ಹಿಡಿಯಲು ಹ್ಯಾಂಡಲ್ ಇಲ್ಲ, ಹೊರಗೆ ನಿಂತು ಬಟನ್ ಒತ್ತಬೇಕು, ಸಾವಿರ ಮಾಡಿದರೂ ಸಾವಿರವೂ ಒಂದೇ ಥರ. ಕಲಿತೆ. ಚೆನ್ನಾಗಿಯೇ ಓಡಿಸಿದೆ. ಹೊಸ ಹುಡುಗಿಯರೂ ಮೂವರು ಬಂದರು, ಶೌಚಾಲಯವೂ ಬಂತು. ಅವರು ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಕರೆಯುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಒಬ್ಬಳೇ ಕೂರುವುದು ರೂಢಿಯಾಗಿತ್ತು.

ನಾನು ನಿವೃತ್ತಳಾಗುವ ಹೊತ್ತಿಗೆ ಅಣ್ಣನೂ ಇರಲಿಲ್ಲ, ಮಗ್ಗಗಳೂ ಇರಲಿಲ್ಲ. ಮನೆಯ ಹಿಂದಿನ ಮಗ್ಗದ ಶೆಡ್ಡು ನನ್ನ ಪಾಲಿಗೆ ಬಂತು. ಗಟ್ಟಿ ನೆಲ, ಮೂರು ಫೇಸಿನ ಕರೆಂಟು, ಮಗ್ಗದ ಕಾಲು ನಿಂತಿದ್ದ ಗುಂಡಿಗಳು. ನಾನು ಹುಟ್ಟಿದಾಗಿನಿಂದ ಸದ್ದಿನಲ್ಲಿ ಬೆಳೆದವಳು, ಸದ್ದಿನಲ್ಲಿ ದುಡಿದವಳು. ಆ ಶೆಡ್ಡಿನ ಮೌನದಲ್ಲಿ ಮೂರು ವರ್ಷ ಕಳೆದ ಮೇಲೆ, ಇಲ್ಲೊಂದು ಲೇತ್ ಹಾಕಬೇಕು ಅನ್ನಿಸಿತು. ಊರಿನಲ್ಲಿ ಇನ್ನೂ ಮಗ್ಗಗಳು ಓಡುತ್ತಿವೆ, ಬುಷ್ಷು ಪಿನ್ನು ಸವೆಯುತ್ತಲೇ ಇರುತ್ತವೆ, ಕೆಲಸ ಸಿಕ್ಕೀತು ಎನ್ನುವುದು ಒಂದು ನೆಪ.

ಮೊದಲು ಅರಿಶಿನಕುಂಟೆಯ ಹತ್ತಿರ ಹೈವೇ ಪಕ್ಕದ ಹಳೇ ಮಷೀನಿನ ಯಾರ್ಡಿಗೆ ಹೋದೆ. ಮಾಲೀಕ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಅಂತ ನೋಡಿದ.

“ಯಜಮಾನ್ರು ಬರ್ಲಿಲ್ವಾ ಮೇಡಂ?”

“ಇಲ್ಲ. ನಾನೇ ಬಂದಿದೀನಿ.”

“ಮಗನಿಗಾ?”

“ನನಗೇ.”

ಅವನು ಹಸಿರು ಬಣ್ಣದ ಒಂದು ಲೇತ್ ತೋರಿಸಿದ. ಹೊಸದರ ಹಾಗೆ ಹೊಳೆಯುತ್ತಿತ್ತು. ಹಳೇ ಲೇತನ್ನು ಕಣ್ಣಿನಿಂದ ನೋಡಬಾರದು. ಚಕ್ಕಿನ ಮುಂದೆ ರೈಲು ಹಳಿಯ ಹಾಗೆ ಮಲಗಿರುವ ಭಾಗ ಬೆಡ್. ಎಲ್ಲರೂ ಚಕ್ಕಿನ ಹತ್ತಿರವೇ ಕೆಲಸ ಮಾಡುವುದರಿಂದ ಅದು ಸವೆಯುವುದು ಅಲ್ಲಿಯೇ. ಆ ತುದಿಯಿಂದ ಈ ತುದಿಗೆ ಉಗುರು ಎಳೆದೆ, ನಡುವೆ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಚಕ್ಕಿನ ಕೆಳಗೆ ಒಂದು ಮರದ ತುಂಡು ಕೊಟ್ಟು ಮೀಟಿದೆ, ಟಕ್ ಅಂತ ಅಲುಗಿತು. ಬೇರಿಂಗ್ ಹೋಗಿದೆ. ಗೇರಿನ ಮುಚ್ಚಳ ತೆಗೆಸಿದೆ, ಎರಡು ಹಲ್ಲಿಗೆ ವೆಲ್ಡಿಂಗ್ ಮಾಡಿ ಗ್ರೀಸು ಬಳಿದಿದ್ದರು.

“ಬಣ್ಣ ಚೆನ್ನಾಗಿದೆ ಕಣಪ್ಪ” ಅಂದೆ.

ಅವನು ನಕ್ಕು ಚಹಾ ತರಿಸಿದ. “ಮೊದ್ಲೇ ಹೇಳ್ಬಾರ್ದಾ ಮೇಡಂ ನೀವು ಲೈನಿನವ್ರು ಅಂತ” ಅಂದ.

ಅದಾಗಿ ಒಂದು ವಾರಕ್ಕೆ ನಮ್ಮ ಕಾರ್ಖಾನೆಯ ಹಳಬರೊಬ್ಬರು ಫೋನ್ ಮಾಡಿದರು. ನಾನು ಲೇತ್ ಹುಡುಕುತ್ತಿರುವುದು ಅವರ ಕಿವಿಗೆ ಬಿದ್ದಿತ್ತು. “ನಮ್ ಮುನಿಶಾಮಪ್ಪನ ಮನೇಲಿ ಒಂದೈತಂತಲ್ಲ. ರಿಟೈರ್ ಆದ್ಮೇಲೆ ತಗೊಂಡಿದ್ನಂತೆ. ಈಗ ಕಣ್ಣು ಹೋಗ್ತಾ ಐತಂತೆ, ಮಾರ್ತಾನಂತೆ. ಅವನಿಟ್ಕೊಂಡಿರೋದು ಅಂದ್ರೆ ಕೇಳ್ಬೇಕಾ?”

ಎರಡು ದಿನ ಯೋಚಿಸಿದೆ. ಲೇತ್ ನೋಡಲು ಹೋಗುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡು ದೇವನಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ನಲ್ಲೂರಿನ ಹುಣಸೆ ತೋಪು ದಾಟಿ ಸ್ವಲ್ಪ ದೂರ ಹೋದರೆ ಅವರ ಹಳ್ಳಿ. ತಲೆಯ ಮೇಲೆ ನಿಮಿಷಕ್ಕೊಂದರಂತೆ ವಿಮಾನಗಳು ಇಳಿಯುತ್ತಿದ್ದವು. ಮನೆಯ ಪಕ್ಕದಲ್ಲೇ ಶೀಟಿನ ಶೆಡ್ಡು, ಅದರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಯಾರದು?”

“ನಾನು ಶಾಮಣ್ಣ. ಶಂಕರಮ್ಮ. ದೊಡ್ಡಬಳ್ಳಾಪುರ.”

ದನಿ ಬಂದ ಕಡೆ ಮುಖ ತಿರುಗಿಸಿದರು. “ಮೂರನೇ ಮಷೀನು” ಅಂದರು. ಆಮೇಲೆ, “ಲೇತ್ ನೋಡಕ್ ಬಂದ್ಯಾ, ನನ್ನ ನೋಡಕ್ ಬಂದ್ಯಾ?”

“ಲೇತ್ ನೋಡೋಕೆ.”

“ಸರಿ ಹಂಗಾದ್ರೆ. ನನ್ನಲ್ಲಿ ನೋಡೋ ಅಂಥಾದ್ದು ಏನೂ ಉಳ್ದಿಲ್ಲ.”

ಅವರ ಹೆಂಡತಿ ನಾರಾಯಣಮ್ಮ ನೀರು ತಂದುಕೊಟ್ಟರು. “ಕಣ್ಣಿನ ನರ ಒಣಗ್ಹೋಗೈತೆ, ನೆಳ್ಳು ನೆಳ್ಳಾಗಿ ಕಾಣ್ತದೆ ಅಷ್ಟೇ. ತಿರುಗೋ ಮಷೀನ್ ಹತ್ರ ಹೋಗ್ಲೇಬ್ಯಾಡಿ ಅಂತ ಡಾಕ್ಟ್ರು ಹೇಳವ್ರೆ. ಇವ್ರು ಕೇಳಲ್ಲ. ಬೆರಳು ಹೋಯ್ತದೆ ಅಂತ ದಿನಾ ನನ್ ಜೀವ ಕೈಲಿಟ್ಕೊಂಡಿರ್ತೀನಿ. ನೀನಾದ್ರೂ ತಗೊಂಡ್ ಹೋಗಮ್ಮ ಇದ್ನ.”

ಒಳಗೆ ಹೋಗಿ ಬೆಡ್ಡಿನ ಮೇಲೆ ಉಗುರು ಎಳೆದೆ. ಆ ತುದಿಯಿಂದ ಈ ತುದಿಯವರೆಗೂ ಎಲ್ಲಿಯೂ ತಡೆಯಲಿಲ್ಲ. ಚಕ್ಕು ಮೀಟಿದರೆ ಅಲುಗಲಿಲ್ಲ. ಗೇರು, ಬೆಲ್ಟು, ಹ್ಯಾಂಡಲ್ ಎಲ್ಲವೂ ಎಣ್ಣೆ ಕುಡಿದು ತಣ್ಣಗಿದ್ದವು. ಅಂಥ ಹಳೇ ಲೇತನ್ನು ನಾನು ನೋಡಿರಲಿಲ್ಲ. ತಿರುಗಿ ನೋಡಿದರೆ ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಸ್ಪಿಂಡಲುಗಳು. ಒಂದೇ ಅಳತೆಯವು. ಆ ಹಳೇ ಲಾಟಿನದೇ ಅಳತೆ. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಚೀಟಿಯ ಮೇಲೆ ಒಂದರ ಕೆಳಗೊಂದು ಎರಡು ಅಂಕಿ.

“ಇವೇನು ಶಾಮಣ್ಣ?”

“ಮೇಲಿಂದು ಬಿಸಿ ಇದ್ದಾಗಿನ ಅಳ್ತೆ. ಕೆಳಗಿಂದು ಆರಿದ್ಮೇಲೆ.” ವಿಮಾನವೊಂದು ದಾಟುವವರೆಗೂ ಕಾದು ಮುಂದುವರಿಸಿದರು. “ಆ ಹನ್ನೊಂದು ಸ್ಪಿಂಡಲ್ ಜ್ಞಾಪಕ ಐತಲ್ಲ ನಿಂಗೆ? ಅಷ್ಟು ಸಣ್ಣ ಆಗ್ಬೇಕು ಅಂದ್ರೆ ನಾನು ಬಿಸಿ ಇದ್ದಂಗೇ ಅಳ್ದಿರ್ಬೇಕು. ಆದ್ರೆ ನನ್ ಜನ್ಮದಲ್ಲಿ ನಾನು ಹಂಗ್ ಮಾಡ್ದೋನಲ್ಲ ಶಂಕರಮ್ಮ. ಅವತ್ತು ಮಾಡಿದ್ದೂ ಜ್ಞಾಪಕ ಇಲ್ಲ. ನಂಗೇ ಗೊತ್ತಿಲ್ದಂಗೆ ನನ್ ಕೈ ಹಂಗ್ ಮಾಡ್ತಾ? ಅದ್ನ ನೋಡಾಣ ಅಂತಾನೇ ಇದ್ನ ತಗೊಂಡಿದ್ದು. ಮಾಡ್ದೆ, ಮಾಡ್ದೆ, ಒಂದೂ ತಪ್ಲಿಲ್ಲ. ಹಂಗಾದ್ರೆ ಅವತ್ತು ಏನಾಯ್ತು? ಈಗ ಕಣ್ಣೂ ಹೋಯ್ತು. ಇನ್ ಗೊತ್ತಾಗಲ್ಲ ಬಿಡು.”

ನಾನು ಹೇಳಬೇಕಾದ ಗಳಿಗೆ ಅದೇ ಆಗಿತ್ತು. “ಲೇತ್ ಚೆನ್ನಾಗಿದೆ” ಅಂದೆ.

“ನಿನ್ ಕೈಗೆ ಹೋದ್ರೆ ನಂಗೆ ಬೇಜಾರಿಲ್ಲ. ಲಾರಿ ಮಾಡ್ಕೊಂಡು ಬಾ” ಅಂದರು. ಬೆಲೆ ಕೇಳಿದರೆ, ಯಾರ್ಡಿನವನು ಹಸಿರು ಬಣ್ಣಕ್ಕೆ ಹೇಳಿದ್ದಕ್ಕಿಂತ ಕಡಿಮೆ ಹೇಳಿದರು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವರಿಂದ ಟೂಲ್ ರೂಮನ್ನು ಕಿತ್ತುಕೊಂಡಾಗಿತ್ತು, ಈಗ ಈ ಲೇತನ್ನೂ ನಾನೇ ಹೊತ್ತುಕೊಂಡು ಬರಬೇಕಿತ್ತು. ಲಾರಿಯವನಿಗೆ ಹೇಳಿದ್ದೆ, ಬೇಡ ಅಂತ ಮತ್ತೆ ಫೋನ್ ಮಾಡಿದೆ. ಮೂರನೇ ದಿನ ಒಬ್ಬಳೇ ಹೋದೆ.

“ಲಾರಿ ಸದ್ದು ಕೇಳ್ಲಿಲ್ವಲ್ಲ” ಅಂದರು ಶಾಮಣ್ಣ.

“ಲಾರಿ ತಂದಿಲ್ಲ. ನಿಮ್ಗೆ ಒಂದು ಮಾತು ಹೇಳೋದಿದೆ. ಆ ಹನ್ನೊಂದೂ ನಂದು ಶಾಮಣ್ಣ. ಬಸ್ಸಿಗೆ ಹೋಗೋ ಆತುರಕ್ಕೆ ಬಿಸಿ ಇದ್ದಂಗೇ ಅಳೆದೆ. ಮಾರ್ನೇ ದಿನಾನೇ ನನಗೆ ಗೊತ್ತಾಯ್ತು. ಹೇಳ್ಲಿಲ್ಲ.”

ನಾರಾಯಣಮ್ಮ ಬಾಗಿಲಲ್ಲಿ ನಿಂತಿದ್ದರು. ಶಾಮಣ್ಣ ಬೈಯುತ್ತಾರೆ ಅಂತ ಕಾದೆ. ಅವರು ಟರ್ನರ್ ಕೇಳುವ ಪ್ರಶ್ನೆ ಕೇಳಿದರು.

“ನಿಂದೇ ಅಂತ ಹೆಂಗ್ ಹೇಳ್ತೀಯ?”

ಅಂಚು ಕೆತ್ತುವ ಟೂಲಿನ ಬಾಯಿ ಚಕ್ಕೆ ಎದ್ದದ್ದು, ಹನ್ನೊಂದರ ಮೇಲೂ ಏಣು ಉಳಿದದ್ದು ಹೇಳಿದೆ. ಅವರು ಹೆಂಡತಿಯ ಕಡೆ ತಿರುಗಿದರು. “ಆ ಟ್ರಂಕಿನ ತಳದಲ್ಲಿ ಬಟ್ಟೇಲಿ ಸುತ್ತಿರೋದು ಐತಲ್ಲ, ತಗೊಂಡ್ ಬಾ.”

ಹನ್ನೊಂದರಲ್ಲಿ ಒಂದು ಅವರ ಮನೆಯಲ್ಲಿತ್ತು. ಸ್ಟೋರಿಗೆ ಕಳಿಸುವ ದಿನ ಫೋರ್‌ಮನ್ ಅದನ್ನು ಅವರ ಕೈಗೆ ಕೊಟ್ಟು, ಜ್ಞಾಪಕಕ್ಕೆ ಇಟ್ಟುಕೋ ಅಂದಿದ್ದರಂತೆ. ಇಪ್ಪತ್ತೆರಡು ವರ್ಷ ಅದನ್ನು ಬಿಚ್ಚಿ ನೋಡಿರಲಿಲ್ಲ. ಬಟ್ಟೆ ಬಿಚ್ಚಿ, ತುದಿ ಹುಡುಕಿ, ಅಂಚಿನ ಸುತ್ತ ಹೆಬ್ಬೆರಳಿನ ಉಗುರು ತಿರುಗಿಸಿದರು. ಉಗುರು ಒಂದು ಕಡೆ ತಡೆಯಿತು. ಮತ್ತೆ ತಿರುಗಿಸಿದರು, ಮತ್ತೆ ಅಲ್ಲೇ ತಡೆಯಿತು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹಲಗೆಯ ಹತ್ತಿರ ಹೋಗಿ, ತಾವು ಮಾಡಿದ್ದರಲ್ಲಿ ಒಂದನ್ನು ತೆಗೆದು ಅದರ ಅಂಚನ್ನು ಮುಟ್ಟಿದರು. ಇನ್ನೊಂದನ್ನು ಮುಟ್ಟಿದರು. ಮತ್ತೊಂದು. ಚೀಟಿಗಳು ದಾರದಲ್ಲಿ ಅಲ್ಲಾಡುತ್ತಿದ್ದವು.

“ನಾರಾಯಣೀ” ಅಂದರು. “ನನ್ ಕೈ ಸರಿ ಇತ್ತು ಕಣೇ.”

ನಾರಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಹನ್ನೊಂದು ವರ್ಷ ಕೆಲಸದಿಂದ ಬಂದು ಒಂದ್ ಮಾತಾಡ್ತಿರ್ಲಿಲ್ಲ ಈ ಮನ್ಷ. ಮಗಳ ಮದ್ವೇಲೂ ನಗ್ಲಿಲ್ಲ. ನೀನು ಒಂದ್ ಮಾತು ಅಂದಿದ್ರೆ ಏನ್ ಹೋಗೋದು ನಿನ್ ಗಂಟು?”

“ತಪ್ಪಾಯ್ತು ಅಕ್ಕ. ತಪ್ಪಾಯ್ತು ಶಾಮಣ್ಣ.”

“ಅದ್ನ ನೀನು ಅವತ್ತು ಮಧ್ಯಾನ ಊಟಕ್ಕೆ ಕೂತಾಗ ಹೇಳ್ಬೇಕಿತ್ತು” ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಈಗ ಆ ಮಾತಿಟ್ಕೊಂಡು ನಾನೇನ್ ಮಾಡ್ಲಿ?” ಕೈಯಲ್ಲಿದ್ದ ಸ್ಪಿಂಡಲನ್ನು ಹಲಗೆಯ ಮೇಲೆ ಇಟ್ಟು, ಲೇತಿನ ಕಡೆ ನಡೆದು ಅದರ ಮೇಲೆ ಕೈಯಿಟ್ಟರು. “ಇದ್ನ ಕೊಡಲ್ಲ.”

“ಬೇಡ ಶಾಮಣ್ಣ.”

“ನಿನ್ ಮೇಲಿನ ಕ್ವಾಪಕ್ಕಲ್ಲ. ಕೈ ಕೆಟ್ಟೈತೆ ಅಂದ್ಕೊಂಡು ಮಾರಕ್ ಹೊರಟಿದ್ದೆ. ಕಣ್ ತಾನೇ ಕೆಟ್ಟಿರೋದು.”

“ಇನ್ನೊಂದ್ಸಲ ಹೇಳಿ ಆ ಮಾತ್ನ!” ನಾರಾಯಣಮ್ಮ ಕೂಗಿದರು. ಅದು ಗಂಡನಿಗೆ ಹೇಳಿದ್ದಾದರೂ ನನ್ನನ್ನೇ ನೋಡುತ್ತಿದ್ದರು. “ಇವತ್ತಲ್ಲ ನಾಳೆ ಇವ್ರು ಬೆರಳು ಕಳ್ಕೊಂಡ್ರೆ ನೀನು ಬಂದು ಉಣ್ಣುಸ್ತೀಯೇನಮ್ಮ? ಅವತ್ತೂ ನಿನ್ನಿಂದ, ಇವತ್ತೂ ನಿನ್ನಿಂದ.”

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಯಾರೂ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಅಂತ ಜನ ಹೇಳುವುದನ್ನು ಕೇಳಿದ್ದೆ. ನನಗೆ ಹಗುರವೇನೂ ಆಗಲಿಲ್ಲ. ಇಷ್ಟು ವರ್ಷ ನನ್ನೊಬ್ಬಳ ಹತ್ತಿರ ಇದ್ದದ್ದು ಈಗ ಅವರ ಮನೆಯಲ್ಲೂ ಇತ್ತು, ಅಷ್ಟೇ. ಬಸ್ಸು ಸಿಗದೆ ಹುಣಸೆ ತೋಪಿನ ತನಕ ನಡೆದೇ ಬಂದೆ.

ಲೇತ್ ಆಸೆ ಅಲ್ಲಿಗೆ ಬಿಟ್ಟೆ ಅಂದುಕೊಂಡೆ, ಬಿಡಲಾಗಲಿಲ್ಲ. ಎರಡು ತಿಂಗಳಾದ ಮೇಲೆ ನೆಲಮಂಗಲದಲ್ಲಿ ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ ಚಿಕ್ಕ ಲೇತ್ ಸಿಕ್ಕಿತು. ಬಣ್ಣ ಎಂದೋ ಹೋಗಿತ್ತು. ಬೆಡ್ಡು ಚಕ್ಕಿನ ಹತ್ತಿರ ಸ್ವಲ್ಪ ಸವೆದಿತ್ತು. ಎಲ್ಲಿ, ಎಷ್ಟು ಸವೆದಿದೆ ಅಂತ ಗೊತ್ತಿದ್ದರೆ ಅದರ ಜೊತೆ ಕೆಲಸ ಮಾಡಬಹುದು, ಗೊತ್ತಿಲ್ಲದಿದ್ದರೆ ಮಾತ್ರ ಕಷ್ಟ. ತೆಗೆದುಕೊಂಡೆ. ಕ್ರೇನಿನವರು ಶೆಡ್ಡಿನಲ್ಲಿ ಇಳಿಸಿ ಹೋದರು. ಲೇತನ್ನು ಮಟ್ಟ ಮಾಡಲು ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಬೋಲ್ಟ್ ತಿರುಗಿಸಬೇಕು, ಇನ್ನೊಬ್ಬರು ರಸಮಟ್ಟದ ಗುಳ್ಳೆ ನೋಡಬೇಕು. ನಾನು ಈ ತುದಿಯಲ್ಲಿ ತಿರುಗಿಸಿ ಆ ತುದಿಗೆ ಹೋಗಿ ನೋಡಿ, ಮತ್ತೆ ಈ ತುದಿಗೆ ಬಂದು, ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಈಗ ಮಗ್ಗದವರು ಬರುತ್ತಾರೆ. “ಅಕ್ಕ, ಈ ಬುಷ್ ಸವ್ದೋಗಿದೆ, ಒಂದ್ ಮಾಡ್ಕೊಡಿ” ಅನ್ನುತ್ತಾರೆ. ಮಾಡಿಕೊಡುತ್ತೇನೆ. ಮಗ್ಗ ನಿಂತಿರುತ್ತದೆ, ಅವರಿಗೆ ಆತುರ, ಕುಳಿತು ಮಾತಾಡುವವರು ಕಡಿಮೆ. ಮೊನ್ನೆ ಐಟಿಐನ ಆ ಹುಡುಗಿಯೂ ಬಂದಿದ್ದಳು, ಕೆಲಸ ಸಿಕ್ಕಿದೆ ಅಂತ ಹೇಳಲು. ಅವಳಿಗೆ ನಾನು ಒಂದೇ ಮಾತು ಹೇಳಿದೆ. ಕೆಲಸ ಕೆಡಿಸಿದ್ದನ್ನು ಅವತ್ತೇ ಹೇಳಿಬಿಡು, ಅವರು ನಿನ್ನನ್ನೂ ನಿನ್ನಂಥವರನ್ನೂ ಏನು ಅಂದುಕೊಂಡರೂ ಅಂದುಕೊಳ್ಳಲಿ. ಅವರು ಅಂದುಕೊಳ್ಳುವುದನ್ನು ನೀನು ಕೆಲಸ ಮಾಡಿ ಬದಲಾಯಿಸಬಹುದು, ಹೇಳದೇ ಉಳಿದದ್ದನ್ನು ಏನು ಮಾಡಿದರೂ ಬದಲಾಯಿಸಲು ಆಗುವುದಿಲ್ಲ. ಅವಳು ತಲೆಯಾಡಿಸಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಶಾಮಣ್ಣನ ಮನೆಗೆ ಮತ್ತೆ ಹೋಗಿಲ್ಲ. ಆದರೆ ನಾರಾಯಣಮ್ಮ ಅಂದ ಮಾತು ಬಿಡಲಿಲ್ಲ, ದಿನಾ ಬೆರಳುಗಳೇ ಕಣ್ಣ ಮುಂದೆ ಬರುತ್ತಿದ್ದವು. ಹೋದ ವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನ್ ಮಾಡಿದೆ. ನಾರಾಯಣಮ್ಮನೇ ಎತ್ತಿದರು. ನನ್ನ ಹೆಸರು ಹೇಳಿದೆ. ಹಿಂದೆ ಲೇತ್ ಓಡುವ ಸದ್ದು ಕೇಳುತ್ತಿತ್ತು, ಟೂಲ್ ಕಬ್ಬಿಣಕ್ಕೆ ಹಿಡಿದಿತ್ತು.

“ಬೆರಳೆಲ್ಲಾ ಸರಿಯಾಗವೆ” ಅಂದರು. “ನಾನೇ ಪಕ್ಕದಲ್ಲಿ ನಿಂತಿರ್ತೀನಿ. ಅಳ್ತೆ ನಾನೇ ಓದಿ ಹೇಳ್ತೀನಿ. ಅಂಕಿ ಬರೋ ಅಂಥಾ ಸಲಕರಣೆ ತರ್ಸವ್ರೆ.”

“ಒಳ್ಳೇದಾಯ್ತು ಅಕ್ಕ.”

ಆಮೇಲೆ, “ಕಟ್ಟಿಂಗ್ ಮಾಡ್ತಾವ್ರೆ. ನಿಲ್ಸಿ ಕರೀಲಾ?” ಅಂದರು.

“ಬೇಡ ಅಕ್ಕ” ಅಂದೆ. “ನಡುವೆ ನಿಲ್ಲಿಸಿದ್ರೆ ಕಬ್ಬಿಣದ ಮೇಲೆ ಗೆರೆ ಬೀಳುತ್ತೆ.”